ಈ ಚಳಿಗೆ ಜಿಮ್ಮಾ, ಗುಡ್ಡೆಯಾ? ಕಾಸರಗೋಡು ಕಡೆಯವರು ಸ್ವಲ್ಪ ಹೇಳಿ

ಪೆರ್ಲದ ಮಾಣಿ · ನವೆಂಬರ್ 17

ಎಲ್ಲರಿಗೂ ನಮಸ್ಕಾರ. ನನ್ನ ಪ್ರಾಯ 38, ಬೆಂಗಳೂರಿಂದ ಊರಿಗೆ ಬಂದು ಮೂರು ವರ್ಷ ಆಯ್ತು, ಮನೆಯಿಂದಲೇ ಕಂಪ್ಯೂಟರ್ ಕೆಲಸ. ಈ ಸಲ ಮಳೆ ಬಿಡುವಾಗ ತೂಕ 84 ಕೆಜಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿ.ಮೀ. ಹತ್ತಿರ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೇ ಸುರಿಯುದು, ಆ ನಾಲ್ಕು ತಿಂಗಳು ನಾನು ಜಗಲಿ ಬಿಟ್ಟು ಇಳಿದದ್ದೇ ಕಮ್ಮಿ. ಇನ್ನು ಫೆಬ್ರವರಿ ಕಳೀತೋ, ಬೆಳಿಗ್ಗೆ ಎಂಟಕ್ಕೇ ಅಂಗಿ ಚಂಡಿ ಆಗುವಷ್ಟು ಸೆಕೆ. ಅಂದ್ರೆ ಮೈ ಬಗ್ಗಿಸಿ ಹೊರಗೆ ಎಂತಾದ್ರೂ ಮಾಡುದಾದ್ರೆ ನಮಗೆ ಇರುದು ಈಗಿನ ಈ ಮೂರು ತಿಂಗಳು ಮಾತ್ರ. ಇದನ್ನು ಈ ವರ್ಷ ಬಿಡ್ಲಿಕ್ಕಿಲ್ಲ ಅಂತ ಗಟ್ಟಿ ಮಾಡಿದ್ದೇನೆ. ಅಪ್ಪನಿಗೆ 52ಕ್ಕೆ ಶುಗರ್ ಬಂದದ್ದು, ನನಗೆ ಅದು ಯಾವಾಗಲೂ ತಲೆಯಲ್ಲಿ ಉಂಟು.

ಮೊನ್ನೆ ಆದಿತ್ಯವಾರ ಧರ್ಮತ್ತಡ್ಕ ಹತ್ತಿರದ ಪೊಸಡಿ ಗುಂಪೆ ಹತ್ತಿದೆ. ಸಾವಿರ ಅಡಿ ಮೀರಿದ ಗುಡ್ಡೆ. ಹತ್ತುವಾಗ ಏದುಸಿರು ಬಂತು, ಆದ್ರೂ ನಿಂತು ನಿಂತು ಹತ್ತಿದೆ. ಮೇಲೆ ಹೋದಾಗ ಪಡುವಣಕ್ಕೆ ಸಮುದ್ರದ ಗೆರೆ, ಮೂಡಣಕ್ಕೆ ಘಟ್ಟ, ಕೆಳಗೆ ತೋಟಗಳ ಮೇಲೆ ಮಂಜು ಹಾಸಿಕೊಂಡಿತ್ತು, ನಿಜವಾಗಿ ಕಣ್ಣು ತುಂಬಿ ಬಂತು. ಕಷ್ಟ ಆದದ್ದು ಇಳಿಯುವಾಗ. ಎಡದ ಮಂಡಿ ಎದುರು ಭಾಗದಲ್ಲಿ ಚುಚ್ಚಿದ ಹಾಗೆ, ತೊಡೆ ನಡುಗ್ಲಿಕ್ಕೆ ಶುರು, ಮನೆಗೆ ಬಂದ ಮೇಲೆ ಎರಡು ದಿನ ಮೆಟ್ಟಿಲು ಇಳೀಲಿಕ್ಕೆ ಗೋಡೆ ಹಿಡೀಬೇಕಾಯ್ತು.

ಈಗ ಭಾವ ಹೇಳುದು, ಬದಿಯಡ್ಕದಲ್ಲಿ ಜಿಮ್ಮಿಗೆ ಸೇರು, ಗುಡ್ಡೆ ಸುತ್ತಿ ಮಂಡಿ ಹಾಳು ಮಾಡ್ಬೇಡ ಅಂತ. ನನಗೆ ನಾಲ್ಕು ಗೋಡೆ ಒಳಗೆ ಟ್ಯೂಬ್‌ಲೈಟ್ ಕೆಳಗೆ ನಿಲ್ಲಲಿಕ್ಕೆ ಮನಸ್ಸೇ ಬರುದಿಲ್ಲ, ಅದೂ ಇಂಥ ಹವೆ ಇರುವಾಗ. ಎರಡರಲ್ಲಿ ಒಂದಕ್ಕೇ ಸಮಯ ಉಂಟು ಅಂತಾದ್ರೆ ನೀವು ಯಾವುದು ಹಿಡೀತಿದ್ರಿ?

ಕುಂಬಳೆ ಕಬಡ್ಡಿ · ನವೆಂಬರ್ 17

ಒಂದೇ ಹಿಡೀಬೇಕು ಅಂತ ಯಾಕೆ? ನಿಮ್ಮ ಮಂಡಿ ಹಾಳಾದದ್ದಲ್ಲ ಅಣ್ಣ, ತೊಡೆಗೆ ಇಳಿಯುವ ಅಭ್ಯಾಸ ಇಲ್ಲದ್ದು. ಹತ್ತುವಾಗ ತೊಡೆ ಎದುರಿನ ಸ್ನಾಯು ಕುಗ್ಗಿ ಕೆಲಸ ಮಾಡ್ತದೆ, ಇಳಿಯುವಾಗ ಅದೇ ಸ್ನಾಯು ಉದ್ದ ಆಗ್ತಾ ಆಗ್ತಾ ಇಡೀ ಮೈಯ ಭಾರಕ್ಕೆ ಬ್ರೇಕ್ ಹಾಕ್ಬೇಕು, ಅದಕ್ಕೆ ಉಸಿರು ಹತ್ತುದಿಲ್ಲ, ಆದ್ರೆ ಸ್ನಾಯು ಒಳಗೆ ಸಣ್ಣ ಸಣ್ಣ ಏಟು ಬೀಳುದು ಅದರಲ್ಲೇ ಹೆಚ್ಚು. ಮರುದಿನಕ್ಕಿಂತ ಎರಡನೇ ದಿನ ನೋವು ಜಾಸ್ತಿ ಇತ್ತಲ್ವಾ? ಹಾಗೇ ಆಗುದು, 24ರಿಂದ 72 ಗಂಟೆ ಒಳಗೆ ಏರಿ ಆಮೇಲೆ ತನ್ನಷ್ಟಕ್ಕೆ ಇಳೀತದೆ.

ನಾನು ಹತ್ತು ವರ್ಷ ಕಬಡ್ಡಿ ಆಡಿದವ. ಚಳಿಗಾಲ ಅಂದ್ರೆ ನಮಗೆ ಟೂರ್ನಮೆಂಟ್ ಸೀಸನ್, ರಾತ್ರಿ ಫ್ಲಡ್‌ಲೈಟಲ್ಲಿ ಆಟ, ಮೈ ಬಿಸಿ ಮಾಡದೆ ಸೀದಾ ಕಣಕ್ಕೆ ಇಳಿದು ತೊಡೆ ಹಿಡಿದುಕೊಂಡು ಹೊರಗೆ ಬಂದವರನ್ನು ಎಷ್ಟು ನೋಡಿದ್ದೇನೆ. ಜಿಮ್ಮಿಗೆ ವಾರಕ್ಕೆ ಎರಡು ದಿನ ಹೋಗಿ, ಸಾಕು. ಕಾಲಿಗೆ ಮೂರೇ ಐಟಂ: ಸ್ಕ್ವಾಟ್, ಡಂಬೆಲ್ ಹಿಡಿದು ಲಂಜಸ್ (ಒಂದು ಕಾಲು ಮುಂದೆ ಇಟ್ಟು ಮಂಡಿ ಬಗ್ಗಿಸುದು), ಮತ್ತೆ ಸ್ಟೆಪ್ ಡೌನ್. ಕೊನೆಯದ್ದಕ್ಕೆ ಜಿಮ್ಮೂ ಬೇಡ, ನಿಮ್ಮ ಜಗಲಿಯ ಮೆಟ್ಟಿಲಲ್ಲಿ ಒಂದು ಕಾಲಲ್ಲಿ ನಿಂತು ಇನ್ನೊಂದು ಕಾಲನ್ನು ಮೂರು ಎಣಿಸುವಷ್ಟು ನಿಧಾನಕ್ಕೆ ಕೆಳಗೆ ಇಳಿಸಿ, ಹಿಮ್ಮಡಿ ತಾಗಿದ ಕೂಡ್ಲೆ ಮೇಲೆ. ಒಂದೊಂದು ಕಾಲಿಗೆ ಹತ್ತು, ಮೂರು ಸಲ. ಮಂಡಿ ಒಳಗೆ ವಾಲ್ಬಾರದು, ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರ್ಬೇಕು. ಆರು ವಾರ ಮಾಡಿ ನೋಡಿ. ಆದ್ರೆ ಮಂಡಿ ಊದಿದ್ರೆ, ಅಥವಾ ನಡೆಯುವಾಗ ಸಿಕ್ಕಿ ಹಾಕಿಕೊಂಡ ಹಾಗೆ ಆದ್ರೆ, ಇದೆಲ್ಲ ಬಿಟ್ಟು ಮೊದ್ಲು ಮೂಳೆ ಡಾಕ್ಟರಿಗೆ ತೋರಿಸಿ.

ಅಡಿಕೆ ತೋಟ · ನವೆಂಬರ್ 18

ನಾನು ಒಪ್ಪುದಿಲ್ಲ. ಪೆರ್ಲದಲ್ಲಿ ಇದ್ದುಕೊಂಡು ಜಿಮ್ಮಿಗೆ ದುಡ್ಡು ಕೊಡುದು ಯಾಕೆ ಮಾರಾಯ್ರೆ. ಈಗ ಅಡಿಕೆ ಕೊಯ್ಲು ಶುರು, ಗೊನೆ ಹೊತ್ತು ಅಂಗಳಕ್ಕೆ ತಂದು ಹರಗಿ, ಸಂಜೆ ಒಟ್ಟು ಮಾಡಿ, ಹಾಳೆ ಹೆಕ್ಕಿ, ಒಂದು ವಾರ ಮಾಡಿ ನೋಡಿ ತೂಕ ಎಲ್ಲಿ ನಿಲ್ತದೆ ಅಂತ. ನನ್ನ ಅಜ್ಜ 86 ವರ್ಷ ಬದುಕಿದ್ರು, ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಕುಡಿದು, ಗಂಜಿ ಉಂಡು, ಒಂದು ದಿನ ವ್ಯಾಯಾಮ ಅಂತ ಮಾಡಿದವರಲ್ಲ. ಕೆಲಸಕ್ಕೆ ಜನ ಸಿಗುದಿಲ್ಲ ಅಂತ ಎಲ್ಲರೂ ಹೇಳುದು, ಮನೆಯ ಮಕ್ಕಳು ಮಾತ್ರ ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತುದು. ನನಗೆ ಇದು ಬೇಜಾರಿನ ವಿಷಯ, ಸಿಟ್ಟಿಗೆ ಹೇಳಿದ್ದಲ್ಲ.

ಆಸ್ಪತ್ರೆ ಅಕ್ಕ · ನವೆಂಬರ್ 18

ತೋಟದಣ್ಣ, ನೀವು ಹೇಳಿದ್ದರಲ್ಲಿ ಅರ್ಧ ನನಗೂ ಸರಿ ಅನಿಸ್ತದೆ. ಆದ್ರೆ ಅಜ್ಜಂದಿರು ಅಗೆದದ್ದು, ಹೊತ್ತದ್ದು, ಗುಡ್ಡೆಯಿಂದ ಸೊಪ್ಪು ತಂದದ್ದು, ಪೇಟೆಗೆ ನಡೆದದ್ದು. ಈಗ ತೋಟಕ್ಕೆ ಪಂಪು, ಅಡಿಕೆ ಸಾಗಿಸ್ಲಿಕ್ಕೆ ಗಾಡಿ, ಪೇಟೆಗೆ ಸ್ಕೂಟರ್. ಉಳಿದದ್ದು ಎಂತ? ಅಡಿಕೆ ಸುಲಿಲಿಕ್ಕೆ ಕೂತರೆ ಐದಾರು ಗಂಟೆ ಬೆನ್ನು ಬಗ್ಗಿಸಿ ಒಂದೇ ಭಂಗಿ. ನಾನು ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದವಳು, ಸೊಂಟ ನೋವು, ಕುತ್ತಿಗೆ ನೋವು ಅಂತ ಡಿಸೆಂಬರ್-ಜನವರಿಯಲ್ಲಿ ಬರುವವರಲ್ಲಿ ತೋಟದವರು ಸುಮಾರು ಜನ ಇರ್ತಿದ್ರು. ಕೆಲಸದಲ್ಲಿ ಮೈ ದಣಿಯುದು ಬೇರೆ, ಮೈ ಗಟ್ಟಿ ಆಗುದು ಬೇರೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ಹೀಗೆ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ, ಅಂದ್ರೆ ಮಾತಾಡ್ಲಿಕ್ಕೆ ಆಗ್ಬೇಕು, ಪದ್ಯ ಹೇಳ್ಲಿಕ್ಕೆ ಆಗ್ಬಾರದು ಅಷ್ಟು ಬಿರುಸು. ಅದರ ಜೊತೆಗೆ ವಾರಕ್ಕೆ ಎರಡು ದಿನವಾದ್ರೂ ಸ್ನಾಯುಗಳಿಗೆ ಭಾರದ ಕೆಲಸ. ಮಾಣಿ, ಗುಡ್ಡೆ ಮತ್ತು ನಡಿಗೆ ಮೊದಲಿನದ್ದಕ್ಕೆ ಆಯ್ತು, ಜಿಮ್ಮು ಎರಡನೆಯದಕ್ಕೆ. ಶುಗರ್ ಕುಟುಂಬದಲ್ಲಿ ಇರುವವರಿಗೆ ಈ ಎರಡನೆಯದ್ದು ತುಂಬಾ ಮುಖ್ಯ, ಯಾಕೆಂದ್ರೆ ಊಟದ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುದು ಸ್ನಾಯುಗಳೇ.

ಇನ್ನೊಂದು, ಪ್ರಾಯದವರಿಗೆ. ನಮ್ಮ ಚಳಿ ಅಂದ್ರೆ ಬೆಳಗಿನ ಜಾವ 20 ಡಿಗ್ರಿ ಆಸುಪಾಸು, ಘಟ್ಟದ ಮೇಲಿನವರಿಗೆ ಅದು ಚಳಿಯೇ ಅಲ್ಲ. ಆದ್ರೂ ಮೈ ತಂಪಾದಾಗ ರಕ್ತನಾಳ ಬಿಗಿ ಆಗಿ ಬಿಪಿ ಏರ್ತದೆ, ಬೆಳಿಗ್ಗೆ ಏಳುವ ಹೊತ್ತಿಗೆ ಹೇಗೂ ಏರುವ ಸಮಯ. ಬಿಪಿ ಇರುವವರು ಹಾಸಿಗೆಯಿಂದ ಎದ್ದು ಸೀದಾ ಗುಡ್ಡೆಗೋ ಭಾರ ಎತ್ಲಿಕ್ಕೋ ಹೋಗ್ಬೇಡಿ, ಹತ್ತು ನಿಮಿಷ ಅಂಗಳದಲ್ಲೇ ನಡೀರಿ. ಭಾರ ಎತ್ತುವಾಗ ಉಸಿರು ಕಟ್ಟಿ ಹಿಡೀಬಾರದು, ಎತ್ತುವಾಗ ಉಸಿರು ಬಿಡ್ಬೇಕು. ಮತ್ತೆ ಚಳಿಗೆ ಬಾಯಾರಿಕೆ ಗೊತ್ತಾಗುದಿಲ್ಲ, ಮಧ್ಯಾಹ್ನ 32 ಡಿಗ್ರಿ ಬಿಸಿಲು ಇದ್ದೇ ಇರ್ತದೆ, ನೀರು ನೆನಪಿಟ್ಟು ಕುಡೀಬೇಕು.

ಅಡಿಕೆ ತೋಟ · ನವೆಂಬರ್ 18

ಅಕ್ಕ, ಸೊಂಟದ ವಿಷಯ ಹೇಳಿದ್ದು ನನಗೇ ಹೇಳಿದ ಹಾಗೆ ಆಯ್ತು. ಹೋದ ವರ್ಷ ಎರಡು ವಾರ ಮಲಗಿದ್ದೆ. ಕೂತು ಸುಲಿಯುವವರಿಗೆ ಎಂತಾದ್ರೂ ಸುಲಭದ್ದು ಉಂಟಾ?

ಆಸ್ಪತ್ರೆ ಅಕ್ಕ · ನವೆಂಬರ್ 18

ಅರ್ಧ ಗಂಟೆಗೊಮ್ಮೆ ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಟು ಐದು ಸಲ ಹಿಂದಕ್ಕೆ ಬಾಗಿ. ನೆಲದಲ್ಲಿ ಕೂರುವ ಬದಲು ಸ್ವಲ್ಪ ಎತ್ತರದ ಮಣೆ. ಸಂಜೆ ಬೆನ್ನಡಿ ಮಲಗಿ, ಮಂಡಿ ಮಡಚಿ, ಸೊಂಟ ಮೇಲೆ ಎತ್ತಿ ಐದು ಎಣಿಸಿ ಇಳಿಸಿ, ಹತ್ತು ಸಲ. ಕಾಲಿಗೆ ಜೋಮು ಇಳಿಯುದಾದ್ರೆ ಮಾತ್ರ ಡಾಕ್ಟರಿಗೆ ತೋರಿಸದೆ ಎಂತದ್ದೂ ಮಾಡ್ಬೇಡಿ.

ವಿದ್ಯಾನಗರ · ನವೆಂಬರ್ 20

ಹೆಂಗಸರ ಕಡೆಯಿಂದ ಒಂದು ಮಾತು. ನೀವೆಲ್ಲ ಬೆಳಗ್ಗಿನ ನಡಿಗೆ ಅಂತ ಹೇಳ್ತೀರಿ, ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವಾಗ 6:50 ಆಗ್ತದೆ, ಮಕ್ಕಳ ಟಿಫಿನ್ ಕಟ್ಟುವ ಮೊದ್ಲು ಹೋಗ್ಬೇಕಾದ್ರೆ ಐದೂವರೆಯ ಕತ್ತಲೆಯಲ್ಲೇ ಹೋಗ್ಬೇಕು. ದಾರಿದೀಪ ಎಲ್ಲಾ ಕಡೆ ಇಲ್ಲ, ನಾಯಿಗಳ ಗುಂಪು ಉಂಟು, ಹೆದ್ದಾರಿ ಆರು ಲೇನ್ ಆದ ಮೇಲೆ ಸರ್ವಿಸ್ ರೋಡಲ್ಲಿ ಬಸ್ಸು, ಬೈಕು ಎಲ್ಲ ಮೈಮೇಲೇ ಬಂದ ಹಾಗೆ. ಹೋದ ಚಳಿಗೆ ಎರಡು ನಾಯಿ ಅಟ್ಟಿಸಿಕೊಂಡು ಬಂದು ನಾನು ಬಿದ್ದು ಮೊಣಕೈ ಕಿತ್ತು ಹೋಯ್ತು, ಆಮೇಲೆ ಎರಡು ತಿಂಗಳು ಹೊರಗೆ ಹೋಗ್ಲಿಕ್ಕೆ ಧೈರ್ಯವೇ ಬರ್ಲಿಲ್ಲ.

ನನಗೆ ದಾರಿ ಆದದ್ದು ಜಿಮ್ಮು. ಮನೆಯಿಂದ ಹತ್ತಿರದ್ದು, ಹನ್ನೊಂದರಿಂದ ಒಂದು ಗಂಟೆ ಹೆಂಗಸರಿಗೆ ಅಂತ ಇಟ್ಟಿದ್ದಾರೆ. ಟ್ರೈನರ್ ಹುಡುಗಿ ಮಲಯಾಳದಲ್ಲಿ ಹೇಳುದು, ನಾನು ಕನ್ನಡದಲ್ಲಿ ಕೇಳುದು, ಪಕ್ಕದಲ್ಲಿ ಇಬ್ಬರು ತುಳು, ಒಬ್ಬರು ಬ್ಯಾರಿ ಭಾಷೆ, ನಾಲ್ಕು ದಿನದಲ್ಲಿ ಎಲ್ಲರೂ ಗೆಳತಿಯರಾದೆವು. 45ರಲ್ಲಿ ಮೊದ್ಲ ಸಲ ಭಾರ ಎತ್ತಿದ್ದು, ಖಾಲಿ ರಾಡ್ ಎತ್ಲಿಕ್ಕೆ ಕೈ ನಡುಗಿತು, ಈಗ ಗ್ಯಾಸ್ ಸಿಲಿಂಡರ್ ಒಬ್ಬಳೇ ಸರಿಸ್ತೇನೆ. ಹೆಂಗಸರಿಗೆ ಮುಟ್ಟು ನಿಲ್ಲುವ ಪ್ರಾಯಕ್ಕೆ ಮೂಳೆ ಬೇಗ ಬೇಗ ಸವೀತದೆ, ಭಾರ ಎತ್ತಿದ್ರೆ ಮೂಳೆಗೂ ಒಳ್ಳೇದು, ಇದನ್ನು ನನಗೆ ಮೂವತ್ತೈದರಲ್ಲೇ ಯಾರಾದ್ರೂ ಹೇಳ್ಬೇಕಿತ್ತು.

ಹೊರಗಿನ ಆಸೆಗೆ ಶನಿವಾರ ಸಂಜೆ ಗೆಳತಿಯರೊಟ್ಟಿಗೆ ಬೇಕಲ. ಕೋಟೆ ಒಳಗೆ ಸುಮಾರು 40 ಎಕರೆ ಜಾಗ, ಒಂದು ಸುತ್ತು ಸಮ ನಡೆದ್ರೆ ಕಾಲು ಬಿಸಿ ಆಗ್ತದೆ, ಬುರುಜು ಹತ್ತಿ ಇಳಿದ್ರೆ ಇನ್ನೂ ಹೆಚ್ಚು. ಆಮೇಲೆ ಪಳ್ಳಿಕರೆ ಬೀಚಿನ ಮರಳಲ್ಲಿ ಅರ್ಧ ಗಂಟೆ. ಮರಳಲ್ಲಿ ನಡೆಯುದು ರೋಡಿಗಿಂತ ತುಂಬಾ ದಣಿವು, ಮೀನಖಂಡ ಹಿಡೀತದೆ, ಮೊದ್ಲು ನೀರಿನ ಅಂಚಿನ ಗಟ್ಟಿ ಮರಳಲ್ಲಿ ಶುರು ಮಾಡಿ.

ಸ್ವಾಮಿ ಶರಣಂ · ನವೆಂಬರ್ 23

ವೃಶ್ಚಿಕ ಒಂದಕ್ಕೆ ಶಬರಿಮಲೆಗೆ ಮಾಲೆ ಹಾಕಿದ್ದೇನೆ, ಹನ್ನೊಂದನೇ ವರ್ಷ. ನನ್ನ ಚಳಿಗಾಲದ ವ್ಯಾಯಾಮ ಆ 41 ದಿನದ ಒಳಗೇ ಉಂಟು: ನಾಲ್ಕೂವರೆಗೆ ಏಳುದು, ತಣ್ಣೀರು ಸ್ನಾನ, ದೇವಸ್ಥಾನಕ್ಕೆ ನಡೆಯುದು, ರಾತ್ರಿ ಬೇಗ ಮಲಗುದು. ಎಲ್ಲಕ್ಕಿಂತ ಲಾಭ ಕೊನೆಯದ್ದರಲ್ಲೇ. ಪಂಪೆಯಿಂದ ಸನ್ನಿಧಾನ ಸುಮಾರು 5 ಕಿ.ಮೀ. ಆದ್ರೂ ನೀಲಿಮಲೆ, ಅಪ್ಪಾಚಿಮೇಡಿನ ಏರು ಎಂಥವರನ್ನೂ ನಿಲ್ಲಿಸ್ತದೆ, ದಾರಿಯಲ್ಲಿ ಆಕ್ಸಿಜನ್ ಪಾರ್ಲರ್, ಹೃದಯಕ್ಕೆ ತುರ್ತು ಚಿಕಿತ್ಸೆ ಎಲ್ಲ ಇಟ್ಟದ್ದು ಸುಮ್ಮನೆ ಅಲ್ಲ. ವರ್ಷ ಇಡೀ ಕೂತು ಒಂದು ದಿನ ಹತ್ಲಿಕ್ಕೆ ಹೋಗ್ಬಾರದು. ಹಾಗಾಗಿ ನಾನು ಮಾಲೆ ಹಾಕಿದ ದಿನದಿಂದ ಮನೆ ಹಿಂದಿನ ಪಾರೆಗೆ ದಿನಾ ಹತ್ತಿ ಇಳಿಯುದು, ಮೊದಲ ವಾರ ಎರಡು ಸಲ, ಕೊನೆಗೆ ಆರು ಸಲ.

ಆಸ್ಪತ್ರೆ ಅಕ್ಕ · ನವೆಂಬರ್ 23

ಸ್ವಾಮಿ, ಶುಗರ್ ಇರುವ ನಿಮ್ಮ ಜೊತೆಯವರಿಗೆ ದಯಮಾಡಿ ಒಂದು ವಿಷಯ ಹೇಳಿ. ವರ್ಷಗಟ್ಟಲೆ ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಕಮ್ಮಿ ಆಗಿರ್ತದೆ, ಬರಿಗಾಲಲ್ಲಿ ಕೆಂಪುಕಲ್ಲಿನ ಚೂರು ಹೊಕ್ಕಿದ್ದೂ, ಮಧ್ಯಾಹ್ನದ ಪಾರೆ ಸುಟ್ಟದ್ದೂ ಗೊತ್ತಾಗುದಿಲ್ಲ. ದಿನಾ ರಾತ್ರಿ ಕನ್ನಡಿ ಇಟ್ಟು ಅಂಗಾಲು ನೋಡ್ಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹತ್ತಬಾರದು, ಕಿಸೆಯಲ್ಲಿ ಸಕ್ಕರೆಯೋ ಗ್ಲೂಕೋಸೋ ಇರ್ಲಿ. ಸಣ್ಣ ಗಾಯ ಅಂತ ಬಿಟ್ಟು ಬೆರಳು ಕಳಕೊಂಡವರ ಡ್ರೆಸ್ಸಿಂಗ್ ನಾನೇ ಮಾಡಿದ್ದೇನೆ.

ಜತ್ತ ಹುಡುಗ · ನವೆಂಬರ್ 24

ನಮಸ್ಕಾರ್ರಿ, ನಾವು ಮಹಾರಾಷ್ಟ್ರದಾಗ ಜತ್ತ ತಾಲ್ಲೂಕಿನವ್ರು. ನಿಮ್ಮ 20 ಡಿಗ್ರಿ ನೋಡಿ ಬರಿಯಾಕತ್ತೀನಿ, ನಮ್ಮಲ್ಲಿ ಡಿಸೆಂಬರದಾಗ ಮುಂಜಾನಿ 10-12 ಡಿಗ್ರಿಗಿ ಇಳಿತೈತಿ, ಗಾಳಿ ಒಣಾ ಒಣಾ, ತುಟಿ ಒಡಿತಾವು. ಇಂಥಾ ಥಂಡ್ಯಾಗ ಮೈ ಕಾಸಲಾರ್ದ ವಜ್ಜಿ ಎತ್ತಿದ್ರ ನರಾ ಹಿಡಿತಾವ. ನಮ್ಮೂರ ತಾಲೀಮ್‌ನ್ಯಾಗ ವಸ್ತಾದರು ಮೊದ್ಲ ಕೆಂಪ ಮಣ್ಣ ಹದಾ ಮಾಡಸ್ತಾರ, ಸಲಿಕಿ ಹಿಡದು ಮಣ್ಣ ತಿರವೂದ್ರಾಗನ ಬೆವರ ಬರ್ತೈತಿ, ಆಮ್ಯಾಲ ಜೋರು (ದಂಡ), ಬೈಠಕ್, ಆಮ್ಯಾಲ ಕುಸ್ತಿ. ರೊಕ್ಕ ಇಲ್ಲದವ್ರಿಗಿ ಜೋರು-ಬೈಠಕ್ ಹೊಡ್ಯಾಕ ಆರ ಫೂಟ ಜಾಗಾ ಸಾಕ್ರಿ. ಎಳ್ಳ ಅಮಾಸಿಗಿ ಮನಿ ಮಂದಿ ಎಲ್ಲಾ ಹೊಲಕ್ಕ ಹೋಗಿ ಚರಗ ಚೆಲ್ಲಿ, ಜ್ವಾಳದ ಹೊಲದಾಗ ಉಂಡು, ಸಂಜಿತನಾ ತಿರಗ್ಯಾಡಿ ಬರ್ತೀವಿ. ಹುಡುಗ್ರು ಅವತ್ತೊಂದಿನಾ ಮೊಬೈಲ್ ಮುಟ್ಟೂದಿಲ್ಲ.

ಚೆಂಡೆ ಪೆಟ್ಟು · ನವೆಂಬರ್ 25

ಈ ಸೀಸನಲ್ಲಿ ನಮ್ಮ ಕಡೆಯ ದೊಡ್ಡ ತೊಂದರೆ ಯಾರೂ ಹೇಳ್ಲಿಲ್ಲ. ನಿದ್ದೆ. ಸೀಸನ್ ಮುಗಿಯುವ ಪತ್ತನಾಜೆ ದಿನ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ನವೆಂಬರಲ್ಲಿ ಮತ್ತೆ ತಿರುಗಾಟಕ್ಕೆ ಹೊರಡ್ತವೆ, ಆಚೆಗೆ ನೇಮ, ತೆಯ್ಯಂ, ಜಾತ್ರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ಆಟ ಬಿಡ್ಲಿಕ್ಕೆ ಆಗ್ತದಾ? ಬೆಳಿಗ್ಗೆ ತನಕ ಆಟ ನೋಡಿ, ಮಧ್ಯೆ ಗೋಳಿಬಜೆ, ಚಾ, ಮರುದಿನ ಮೈ ಬಾರದ್ದು. ನಾನು ಈಗ ಲೆಕ್ಕ ಹಾಕಿದ್ದೇನೆ: ಇಡೀ ರಾತ್ರಿಯ ಆಟಕ್ಕೆ ತಿಂಗಳಿಗೆ ಎರಡು, ಬಾಕಿ ಎಲ್ಲ ಕಾಲಮಿತಿಯದ್ದು. ಆಟದ ಮರುದಿನ ಗುಡ್ಡೆ ಇಲ್ಲ, ಭಾರ ಇಲ್ಲ, ಸಂಜೆ ಒಂದು ಸಣ್ಣ ನಡಿಗೆ ಮಾತ್ರ. ನಿದ್ದೆಗೆಟ್ಟು ಬೈಕ್ ಬಿಡುದಂತೂ ಬೇಡವೇ ಬೇಡ.

ಮತ್ತೆ, ಜಿಮ್ಮು ಬೇಡ ಗುಡ್ಡೆ ಬೇಡ ಅನ್ನುವವರಿಗೆ ನಾಟ್ಯ ಕ್ಲಾಸ್ ಉಂಟು. ನಾನು 33ರಲ್ಲಿ ಹೆಜ್ಜೆ ಕಲೀಲಿಕ್ಕೆ ಸೇರಿದ್ದು, ತೆಂಕುತಿಟ್ಟಿನ ದಿಗಿಣ, ಅಂದ್ರೆ ಹಾರಿ ತಿರುಗುವ ಹೆಜ್ಜೆ, ಹತ್ತು ತೆಗೆದ್ರೆ ಉಸಿರು ಎಲ್ಲಿ ಹೋಯ್ತು ಅಂತ ಹುಡುಕ್ಬೇಕು. ಅದನ್ನು ವೇಷ, ಕಿರೀಟ ಎಲ್ಲ ಕಟ್ಟಿಕೊಂಡು ಮಾಡುವ ಕಲಾವಿದರನ್ನು ನೋಡಿದ್ರೆ ಕೈ ಮುಗೀಬೇಕು ಅನಿಸ್ತದೆ.

ಪೆರ್ಲದ ಮಾಣಿ · ಡಿಸೆಂಬರ್ 14

ನಾಲ್ಕು ವಾರದ ವರದಿ. ಸೋಮವಾರ, ಗುರುವಾರ ಸಂಜೆ ಜಿಮ್ಮು, ಬೇರೆ ದಿನ ಜಗಲಿ ಮೆಟ್ಟಿಲಲ್ಲಿ ಸ್ಟೆಪ್ ಡೌನ್, ಆದಿತ್ಯವಾರ ಗುಡ್ಡೆ. ಜಿಮ್ಮಿನವರು ವರ್ಷದ ಫೀಸು ಒಟ್ಟಿಗೆ ಕಟ್ಟಿದ್ರೆ ಕಮ್ಮಿ ಮಾಡ್ತೇವೆ ಅಂದ್ರು, ನಾನು ಮೂರು ತಿಂಗಳಿಗೆ ಮಾತ್ರ ಕಟ್ಟಿದೆ. ತೂಕ ಹೆಚ್ಚೇನೂ ಇಳೀಲಿಲ್ಲ, 82.5. ಆದ್ರೆ ನಿನ್ನೆ ಪೊಸಡಿ ಗುಂಪೆಯಿಂದ ಮಂಡಿ ನೋವಿಲ್ಲದೆ ಇಳಿದೆ, ಅದೇ ದೊಡ್ಡದು ನನಗೆ. ಟ್ಯೂಬ್‌ಲೈಟಿನ ಬಗ್ಗೆ ಮೊದ್ಲು ಬರೆದದ್ದನ್ನು ವಾಪಾಸು ತೆಗೆದುಕೊಳ್ತೇನೆ. ಗುಡ್ಡೆಗೆ ಬೇಕಾದ ಕಾಲು ನನಗೆ ಜಿಮ್ಮಲ್ಲೇ ಸಿಕ್ಕಿದ್ದು.

ಒಂದು ಎಚ್ಚರಿಕೆ: ಈಗ ಮುಳಿಹುಲ್ಲು ಒಣಗಿದೆ, ಅದರ ಮೇಲೆ ಸವೆದ ಶೂ ಹಾಕಿ ಇಳಿದ್ರೆ ಎಣ್ಣೆ ಮೇಲೆ ಕಾಲಿಟ್ಟ ಹಾಗೆ ಜಾರ್ತದೆ. ಅಡ್ಡಡ್ಡ ಹೆಜ್ಜೆ ಇಟ್ಟು ಇಳೀರಿ. ಮತ್ತೆ ಬೀಡಿ, ಬೆಂಕಿಕಡ್ಡಿ ಯಾರೂ ಅಲ್ಲಿ ಹಾಕ್ಬೇಡಿ, ಒಂದು ಕಿಡಿ ಸಾಕು.

ಊಟದ ಬಗ್ಗೆ ಒಂದು ಪ್ರಶ್ನೆ. ಜಿಮ್ಮಲ್ಲಿ ಒಬ್ಬರು ಪ್ರೋಟೀನ್ ಪೌಡರ್ ಡಬ್ಬಿ ತೆಗೊಳ್ಳಿ ಅಂತ ಒತ್ತಾಯ ಮಾಡ್ತಿದ್ದಾರೆ, ಬೇಕಾ?

ಆಸ್ಪತ್ರೆ ಅಕ್ಕ · ಡಿಸೆಂಬರ್ 14

ನಮ್ಮ ದೇಶದ ಲೆಕ್ಕದಲ್ಲಿ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್, ನಿಮಗೆ ಸುಮಾರು 70 ಗ್ರಾಂ, ಭಾರ ಎತ್ತುದಾದ್ರೆ ಸ್ವಲ್ಪ ಹೆಚ್ಚೂ ಆಗ್ಬಹುದು. ಹುರುಳಿ 100 ಗ್ರಾಂ ಕಾಳಲ್ಲಿ 22 ಗ್ರಾಂ ಹತ್ತಿರ ಉಂಟು, ಹೆಸರುಕಾಳಲ್ಲೂ ಹಾಗೇ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ, ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ ಇರುವಾಗ ಚಿಂತೆಯೇ ಇಲ್ಲ. ಕುಚ್ಚಲಕ್ಕಿ ಗಂಜಿಗೆ ಬರೀ ಉಪ್ಪಿನಕಾಯಿ ನೆಂಚಿಕೊಳ್ಳುದು ಬಿಟ್ಟು ಒಂದು ಸೌಟು ಹೆಸರುಕಾಳಿನ ಪಲ್ಯ ಹಾಕಿ. ಡಬ್ಬಿ ವಿಷ ಅಲ್ಲ, ಆದ್ರೆ ಮೊದ್ಲು ಬಟ್ಟಲು ಸರಿ ಮಾಡಿ, ಆಮೇಲೆ ಕಮ್ಮಿ ಬಿದ್ರೆ ನೋಡುವ.

ಪೆರ್ಲದ ಮಾಣಿ · ಜನವರಿ 11

ರಾಣಿಪುರಂ ಹೋಗಿ ಬಂದೆವು! ನಾನು, ಭಾವ, ಮತ್ತೆ ಇಲ್ಲಿಯ ಅಡಿಕೆ ತೋಟದಣ್ಣ. ಮುಳ್ಳೇರಿಯ, ಬಂದಡ್ಕ ದಾರಿಯಾಗಿ ಕತ್ತಲೆಯಲ್ಲೇ ಹೊರಟು ಹೋದದ್ದು. ಹಳೆಯವರು ಮಾಡತ್ತುಮಲ ಅನ್ನುವ ಗುಡ್ಡೆ ಅದೇ, ತುದಿ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್. ಮೊದ್ಲು ಕಾಡಿನ ಒಳಗಿನ ದಾರಿ, ಬೇರುಗಳೇ ಮೆಟ್ಟಿಲು, ಆಮೇಲೆ ಒಮ್ಮೆಲೇ ಮರಗಳು ಮುಗಿದು ಹುಲ್ಲುಗಾವಲು, ಆಚೆಗೆ ಕೊಡಗಿನ ತಲಕಾವೇರಿ ಕಡೆಯ ಕಾಡು. ಮಳೆಗಾಲದಲ್ಲಿ ಜಿಗಣೆ ಇರುವ ಜಾಗ, ಈಗ ಒಂದೂ ಇಲ್ಲ. ಹೋಗುವವರು ಮುಂಚೆಯೇ ಅರಣ್ಯದವರ ಹತ್ತಿರ ಕೇಳಿ ಹೋಗಿ, ಆನೆ ಬಂದ ದಿನ ಮೇಲೆ ಬಿಡುದಿಲ್ಲ, ಅದು ಸರಿಯೇ.

ತೋಟದಣ್ಣ 57 ವರ್ಷಕ್ಕೆ ನಮ್ಮಿಬ್ಬರಿಗಿಂತ ಮುಂದೆ ಹತ್ತಿದ್ರು. ಇಳಿಯುವಾಗ ಮಾತ್ರ ಅವರ ಸೊಂಟಕ್ಕೆ ಅಂತ ನಾಲ್ಕು ಕಡೆ ನಿಂತೆವು, ಅಕ್ಕ ಹೇಳಿದ ಹಾಗೆ ಹಿಂದಕ್ಕೆ ಬಾಗಿ.

ಅಡಿಕೆ ತೋಟ · ಜನವರಿ 11

ಹೌದು, ಹುಟ್ಟಿದ ಜಿಲ್ಲೆಯ ಈ ಜಾಗ ನಾನು ಇಷ್ಟು ವರ್ಷ ನೋಡಿರ್ಲಿಲ್ಲ. ಅಡಿಕೆ ಅಂಗಳದಲ್ಲಿ ಉಂಟು, ಯಾರು ಹರಗುದು ಅಂತ ಪ್ರತಿ ವರ್ಷ ಹೇಳಿಕೊಂಡೇ ಕೂತದ್ದು. ಈ ಸಲ ಮಗಳು ನಾನು ನೋಡಿಕೊಳ್ತೇನೆ, ನೀವು ಹೋಗಿ ಅಂದಳು. ಜಿಮ್ಮಿಗೆ ನಾನು ಸೇರುದಿಲ್ಲ, ಆದ್ರೆ ಸೊಂಟ ಎತ್ತುವ ಆ ವ್ಯಾಯಾಮ ದಿನಾ ಮಾಡ್ತಾ ಇದ್ದೇನೆ, ಮೂರು ಹೊತ್ತಿನ ಸುಲಿಯುವ ಕೆಲಸಕ್ಕೂ ಈ ವರ್ಷ ಬೆನ್ನು ತಡೆದುಕೊಂಡಿದೆ.

ವಿದ್ಯಾನಗರ · ಜನವರಿ 12

ನಾವು ಐದು ಜನ ಹೆಂಗಸರು ಬರ್ಲಿಕ್ಕೆ ತಯಾರಿದ್ದೇವೆ, ಪೊಸಡಿ ಗುಂಪೆಗೆ. ಬೆಳಕಾದ ಮೇಲೆ ಹೊರಡುದಾದ್ರೆ ಮಾತ್ರ.

ಪೆರ್ಲದ ಮಾಣಿ · ಜನವರಿ 12

ಖಂಡಿತ ಅಕ್ಕ. ಬರುವ ಆದಿತ್ಯವಾರ ಏಳು ಗಂಟೆಗೆ ಧರ್ಮತ್ತಡ್ಕದಲ್ಲಿ ಸೇರುವ, ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು ಇರ್ಲಿ, ಬಿಸಿಲು ಏರುವ ಮೊದ್ಲು ಹತ್ತು ಗಂಟೆಗೆ ಕೆಳಗೆ. ಅಪ್ಪನೂ ಬರ್ತೇನೆ ಅಂದಿದ್ದಾರೆ, ಮೇಲೆ ತನಕ ಅಲ್ಲ, ಮೊದಲ ತಿರುವಿನ ತನಕ. ಒಂದು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಇಬ್ಬರೂ ಅಂಗಳದಲ್ಲಿ ಹದಿನೈದು ನಿಮಿಷ ನಡೀತಾ ಇದ್ದೇವೆ, ಅಡಿಕೆ ಹರಗಿದ ಜಾಗ ಬಿಟ್ಟು ಅಂಚಲ್ಲಿ ಸುತ್ತು. ಅವರಿಗೆ ಕೂರ್ಲಿಕ್ಕೆ ಯಾರಾದ್ರೂ ಒಂದು ಸಣ್ಣ ಮಡಚುವ ಕುರ್ಚಿ ತಂದ್ರೆ ಉಪಕಾರ.